ಹದಿನಾಲ್ಕನೇ ನಂಬರು

ಮಾರ್ಚಿಯ ಮೊದಲ ವಾರ. ರಾಚಾದ ರಸ್ತೆಗೆ
ಹಿಮ ಜಾರಿ, ಊರಿನ ಬಾಯಿ ಮುಚ್ಚಿ ಮೂರು ದಿನ.
ಮ್ಯೂಸಿಯಮ್ಮಿಗೆ ಬಂದವರು ಇಬ್ಬರೇ:
ಒಲೆಗೆ ಸೌದೆ ತಂದ ನಾನು,
ಒಲೆಯ ಬದಿಗೆ ಮಲಗಲು ಬಂದ ಅಂಚೆಯವನ ನಾಯಿ.

ಆಗ ಬಂದಳು ಜುಜುನಾ. ಕರಿ ಶಾಲು,
ಬೂಟಿನ ತುಂಬ ನೀರು.
ಟಿಕೆಟ್ ಹರಿಯಲು ಹೋದೆ, ಬೇಡವೆಂದಳು.
‘ಅಂಬಾಕೊ ಹೋದ. ನಾಳಿದ್ದು ಮಣ್ಣು.
ಊರು ಉಣ್ಣಬೇಕು.
ಬಾಡಿಗೆಯ ಪಾತ್ರೆ ಹಿಮದ ಆಚೆ ಉಳಿಯಿತು.
ನಿಮ್ಮಲ್ಲೊಂದು ಕೊಪ್ಪರಿಗೆ ಇದೆಯಲ್ಲ,
ಕಿಟಕಿಯ ಹತ್ತಿರ, ಗಾಜಿನೊಳಗೆ.’

ಇದೆ. ನಂಬರು ಹದಿನಾಲ್ಕು.
ತಾಮ್ರ. ಕಾಲ: ಖಚಿತವಿಲ್ಲ.
ಬಳಕೆ: ಸಾಮೂಹಿಕ ಭೋಜನ.
ಅದರ ಕೆಳಗೆ ಕೆಂಪಕ್ಷರ: ಮುಟ್ಟಬಾರದು.
ಬರೆದವನು ನಾನೇ, ಹನ್ನೊಂದು ವರ್ಷದ ಹಿಂದೆ,
ಒಳ್ಳೆಯ ಕುಂಚವೊಂದು ಸಿಕ್ಕಿದ ಖುಷಿಗೆ.

ತ್ಸಿಯಾಲಾ ನಮ್ಮ ಮೇಲಧಿಕಾರಿ, ನಮ್ಮ ಗುಮಾಸ್ತೆ,
ಶನಿವಾರ ನೆಲ ಒರೆಸುವವಳೂ ಅವಳೇ.
ರಾಜಧಾನಿಗೆ ಫೋನ್ ಹಚ್ಚಿದಳು. ತಂತಿ ಸತ್ತಿತ್ತು.
ಸತ್ತದ್ದು ಒಳ್ಳೆಯದಾಯಿತೆಂದು
ಅವಳೂ ಹೇಳಲಿಲ್ಲ, ನಾನೂ.
ಗಾಜಿನ ಮುಂದೆ ಬಹಳ ಹೊತ್ತು ನಿಂತಿದ್ದಳು,
ಪರೀಕ್ಷೆಯಲ್ಲಿ ಗೊತ್ತಿರುವ ಪ್ರಶ್ನೆಯೇ ಬಂದವಳ ಹಾಗೆ.
ಆಮೇಲೆ ನನ್ನ ಸೊಂಟದ ಕೀಲಿಗೊಂಚಲಿಗೆ ಕೈಯೊಡ್ಡಿದಳು.

ಒಳಗಿನ ಕಲಾಯಿ ಎಂದೋ ಎದ್ದುಹೋಗಿತ್ತು.
ವಾಲಿಕೋನನ್ನು ಹಾಸಿಗೆಯಿಂದ ಎಬ್ಬಿಸಿದೆವು.
ಎಂಬತ್ತೆರಡು ವರ್ಷ, ಚಮಚ ಹಿಡಿದರೆ ಸಾರು ಚೆಲ್ಲುವ ಕೈ.
‘ಹೀಗೇ ಬೇಯಿಸಿದರೆ
ಒಂದು ಹೆಣದ ಊಟಕ್ಕೆ ನಲವತ್ತು ಹೆಣ’ ಎಂದು ಬೈದು
ಮ್ಯೂಸಿಯಮ್ಮಿನ ಅಂಗಳದಲ್ಲೇ ಕೆಂಡ ಹಾಕಿಸಿದ.
ನವಸಾಗರದ ಹೊಗೆ, ತವರದ ಹನಿ, ಹತ್ತಿಯ ಉಂಡೆ.
ಕೈ ನಡುಗಲಿಲ್ಲ. ತಾಮ್ರದೊಳಗೆ ಬೆಳ್ಳಗೆ
ಒಂದು ಹುಣ್ಣಿಮೆ ಹರಡಿತು.
ನೋಡಲು ಬಂದ ಮಕ್ಕಳು ಹದಿನೇಳು.
ಅಷ್ಟು ಜನ ಒಂದೇ ದಿನ ಬಂದದ್ದು
ನನ್ನ ಪುಸ್ತಕದಲ್ಲಿ ಬೇರೆಲ್ಲೂ ಇಲ್ಲ.

ರಸೀದಿ ಬರೆಸಿಕೊಂಡೆವು, ಅದನ್ನು ಬಿಡಲಿಲ್ಲ.
‘ಎಷ್ಟು ದಿನಕ್ಕೆ?’
‘ದುಃಖ ಎಷ್ಟು ದಿನವೋ ಗೊತ್ತಿಲ್ಲ,
ಪಾತ್ರೆ ಮೂರು ದಿನ’ ಎಂದಳು ಜುಜುನಾ.
ನಾಲ್ವರು ಎತ್ತಿ, ಜಾರುಬಂಡಿಗೆ ಕಟ್ಟಿ ಎಳೆದರು.

ಉಪವಾಸದ ತಿಂಗಳು, ಮಾಂಸವಿಲ್ಲ.
ಕೆಂಪು ಕಾಳು, ಅಕ್ರೋಟು, ಈರುಳ್ಳಿ,
ಮೇಲೆ ಉದುರಿಸಿದ ಒಣ ಕೊತ್ತಂಬರಿ.
ಹದಿನಾಲ್ಕನೇ ನಂಬರಿನಿಂದ
ನಾನೂ ಎರಡು ಸಲ ಬಡಿಸಿಕೊಂಡೆ.
ಪಕ್ಕದಲ್ಲಿ ಕೂತ ಮುದುಕಿಯೊಬ್ಬಳು
ಕೊಪ್ಪರಿಗೆಯ ಕಿವಿ ತಡವಿ ಹೇಳಿದಳು:
‘ಈ ತಗ್ಗು ನನ್ನ ಮದುವೆಯ ದಿನದ್ದು.
ಮಾವ ಕುಡಿದು ಕೆಡವಿದ್ದ.’
ಕಾಲ: ಖಚಿತವಿಲ್ಲ ಎಂದು ಬರೆದವರು
ಅವಳ ಮನೆಯಿಂದ ಇನ್ನೂರು ಹೆಜ್ಜೆ ದೂರದಲ್ಲಿದ್ದೆವು.

ಮರಳಿ ಬಂತು. ತಳದಲ್ಲಿ ಮಸಿ,
ಜೊತೆಗೊಂದು ಉದ್ದ ಸೌಟು.
ದಾನವೇ ಎಂದು ಕೇಳಿದರೆ ಜುಜುನಾ ಸಿಡುಕಿದಳು:
‘ಮುಂದಿನವರಿಗೆ ಬೇಕಾಗುತ್ತದೆ. ಅಲ್ಲೇ ಇರಲಿ.’
ಬೂದಿ, ವಿನೆಗರ್ ಹಿಡಿದು ಮಸಿ ತಿಕ್ಕಲು ಹೋದೆ.
ತ್ಸಿಯಾಲಾ ತಡೆದಳು.

ಮೇ ತಿಂಗಳಲ್ಲಿ ಬಂದ ಇನ್ಸ್‌ಪೆಕ್ಟರು
ದಫ್ತರದ ‘ಸ್ಥಿತಿ’ ಎಂಬ ಕಲಮಿನಲ್ಲಿ
ಅವಳು ಬರೆದದ್ದನ್ನು ಎರಡು ಸಲ ಓದಿದ:
ಬಳಕೆಯಲ್ಲಿದೆ.
ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿದ.
ಏನು ಬರೆದುಕೊಂಡನೋ. ಪತ್ರ ಇನ್ನೂ ಬಂದಿಲ್ಲ.
ಬಂದರೆ ಕೆಲಸ ಹೋಗಬಹುದು, ಅವಳದೋ ನನ್ನದೋ.

ಕೆಂಪಕ್ಷರವನ್ನು ನಾನು ಅಳಿಸಿಲ್ಲ.
ನಿನ್ನೆ, ಒಣಗಿ ಕಲ್ಲಾದ ಕುಂಚವನ್ನು
ಬಿಸಿನೀರಲ್ಲಿ ನೆನೆಸಿ,
ಆ ಪದದ ಹಿಂದೆ ಉಳಿದಿದ್ದ ಅಂಗೈಯಗಲ ಜಾಗದಲ್ಲಿ
ಇನ್ನೊಂದು ಪದ ಸೇರಿಸಿದೆ:
ಕೇಳದೆ.